ಲಕ್ಷ್ಯ, ಲಕ್ಷಣ ಮತ್ತು ಪಾಲನೆ: ಡೆಬಿಯನ್ ನೀತಿಗ್ರಂಥದ ಒಂದು ಪರಿಶೀಲನೆ

೧

ಕಾವ್ಯವನ್ನೂ ಶಾಸ್ತ್ರವನ್ನೂ ಶಾಸನವನ್ನೂ ವಿಮರ್ಶೆಗೆ ಯೋಗ್ಯವಾದ ವಾಙ್ಮಯವೆಂದು ನಮ್ಮ ವಿದ್ವಾಂಸರು ಬಹುಕಾಲದಿಂದ ಗಣಿಸುತ್ತ ಬಂದಿದ್ದಾರೆ. ಒಂದು ಸಂಘ ತನ್ನ ಕೆಲಸಕ್ಕೆಂದು ಬರೆದುಕೊಂಡ ನಿಯಮಗಳ ಗ್ರಂಥವಾದರೋ ಈ ಮೂರರಲ್ಲಿ ಯಾವುದಕ್ಕೂ ಸೇರದೆ ಕಚೇರಿಯ ಕಡತಗಳ ನಡುವೆ ಉಳಿದುಬಿಡುತ್ತದೆ. ಆದರೆ ಆ ಸಂಘಕ್ಕೆ ಅರಸನಿಲ್ಲ, ಅದರ ಸದಸ್ಯರಿಗೆ ಸಂಘದಿಂದ ಸಂಬಳವಿಲ್ಲ, ನಿಯಮ ಮೀರಿದವರನ್ನು ಸೆರೆಯಲ್ಲಿಡುವ ಅಧಿಕಾರಿಯಿಲ್ಲ. ಹಾಗಿದ್ದೂ ಆ ನಿಯಮಗಳು ಸುಮಾರು ಮೂವತ್ತು ವರ್ಷಗಳಿಂದ ನಡೆದುಬಂದಿವೆ ಎಂದಾಗ, ಅವು ಯಾವ ಬಲದಿಂದ ನಡೆಯುತ್ತವೆ ಎಂದು ಕೇಳುವುದು ವಿಮರ್ಶಕನ ಕರ್ತವ್ಯವಾಗುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಅಂಥ ಒಂದು ಗ್ರಂಥವನ್ನು. ಅದು ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯದ ನೀತಿಗ್ರಂಥ. ಕನ್ನಡ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಎರಡು ಉತ್ತರಗಳಿವೆ. ಸೊರಬದಲ್ಲಿಯೋ ಶಿಕಾರಿಪುರದಲ್ಲಿಯೋ ಕಾಲೇಜಿನ ಗಣಕವೊಂದಕ್ಕೆ ಡೆಬಿಯನ್ನನ್ನು ಅಥವಾ ಅದರಿಂದ ಹುಟ್ಟಿದ ಉಬುಂಟುವನ್ನು ಅಳವಡಿಸಿದರೆ, ಅದರ ತೆರೆಯ ಮೇಲೆ ಕನ್ನಡದ ಅಕ್ಷರಗಳು ಸರಿಯಾಗಿ ಮೂಡುವುದೂ ಮೂಡದಿರುವುದೂ ಈ ಗ್ರಂಥದ ನಿಯಮಗಳನ್ನು ಪಾಲಿಸಿ ಯಾರೋ ಮಾಡಿಟ್ಟ ಕೆಲಸವನ್ನು ಅವಲಂಬಿಸಿರುತ್ತದೆ. ಇದು ಮೊದಲನೆಯ ಉತ್ತರ. ನಿಯಮ ಮುಂದೋ ಬಳಕೆ ಮುಂದೋ, ಹೆಸರನ್ನು ಯಾವುದರ ಮೇಲೆ ನಿಲ್ಲಿಸಬೇಕು, ಒಮ್ಮೆ ಕಟ್ಟಿದ್ದನ್ನು ಮುಂದೆ ಕಾಯುವವರು ಯಾರು ಎಂಬೀ ಪ್ರಶ್ನೆಗಳು ನಮ್ಮ ವೈಯಾಕರಣರಿಗೂ ಶಾಸನ ಸಂಪಾದಕರಿಗೂ ಕೆರೆ ಕಟ್ಟಿಸಿದವರಿಗೂ ಎದುರಾದ ಪ್ರಶ್ನೆಗಳೇ ಆಗಿವೆ. ಇದು ಎರಡನೆಯ ಉತ್ತರ.

ಈ ಗ್ರಂಥ ಲಕ್ಷಣವನ್ನು ಹೇಳುವುದರಲ್ಲಿ ಪ್ರೌಢವಾದುದು. ಆದರೆ ಲಕ್ಷಣದಷ್ಟೇ ಮುಖ್ಯವಾದ ಪಾಲನೆಯ ವಿಷಯದಲ್ಲಿ ಅದು ಅರ್ಧ ಮಾತನ್ನು ಮಾತ್ರ ಆಡಿದೆ. ಆ ಉಳಿದರ್ಧದಲ್ಲಿಯೇ ಕನ್ನಡದ ಹಿತ ಅಡಗಿದೆ. ಇದು ನಮ್ಮ ವಾದದ ಸಾರ.

೨

ವಿಮರ್ಶೆಗೆ ಮೊದಲು ವಸ್ತುಪರಿಚಯ ಅಗತ್ಯ. ಅಯನ್ ಮರ್ಡಾಕ್ ಎಂಬವರು ೧೯೯೩ರ ಆಗಸ್ಟಿನಲ್ಲಿ ಡೆಬಿಯನ್ ಯೋಜನೆಯನ್ನು ಆರಂಭಿಸಿದರು. ಲೋಕದ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಜನ ಬರೆದು, ಎಲ್ಲರೂ ಓದುವಂತೆ, ತಿದ್ದುವಂತೆ, ಹಂಚುವಂತೆ ಬಿಟ್ಟುಕೊಟ್ಟ ತಂತ್ರಾಂಶಗಳನ್ನು ಒಂದೆಡೆ ಸೇರಿಸಿ, ಒಂದರೊಡನೆ ಒಂದು ಹೊಂದುವಂತೆ ಮಾಡಿ, ಒಂದು ಪೂರ್ಣ ವ್ಯವಸ್ಥೆಯಾಗಿ ಜನರ ಕೈಗೆ ಕೊಡುವುದು ಅದರ ಉದ್ದೇಶ. ಹೀಗೆ ಸೇರಿಸುವಾಗ ಪ್ರತಿಯೊಂದು ತಂತ್ರಾಂಶವನ್ನೂ ಒಂದು ಗೊತ್ತಾದ ರೀತಿಯಲ್ಲಿ ಕಟ್ಟಬೇಕಾಗುತ್ತದೆ. ಆ ಕಟ್ಟಿನಲ್ಲಿ ತಂತ್ರಾಂಶದ ಕಡತಗಳ ಜೊತೆಗೆ ಅದರ ಹೆಸರು, ಆವೃತ್ತಿ, ಪರವಾನಗಿ, ಅದು ನಡೆಯಲು ಬೇಕಾದ ಇತರ ತಂತ್ರಾಂಶಗಳು, ಅದನ್ನು ನೋಡಿಕೊಳ್ಳುವ ನಿರ್ವಾಹಕರ ಹೆಸರು ಇವೆಲ್ಲ ನಮೂದಾಗಿರುತ್ತವೆ. ಇದನ್ನು ಬಳಸುವವರು ‘ಪ್ಯಾಕೇಜು’ ಎನ್ನುತ್ತಾರೆ. ನಾವೂ ಆ ಮಾತನ್ನೇ ಇಟ್ಟುಕೊಂಡಿದ್ದೇವೆ. ೨೦೨೩ರಲ್ಲಿ ಹೊರಬಂದ ಹನ್ನೆರಡನೆಯ ಆವೃತ್ತಿಯಲ್ಲಿ ಇಂಥ ಪ್ಯಾಕೇಜುಗಳು ಅರವತ್ತು ಸಾವಿರಕ್ಕೂ ಮಿಕ್ಕಿದ್ದವು.

ಇಷ್ಟೊಂದು ಪ್ಯಾಕೇಜುಗಳನ್ನು ಒಬ್ಬರನ್ನೊಬ್ಬರು ಮುಖತಃ ಕಂಡಿರದ ಜನ ತಮ್ಮ ತಮ್ಮ ಊರಿನಲ್ಲಿ ಕುಳಿತು ಕಟ್ಟುತ್ತಾರೆ. ಒಬ್ಬರು ಕಟ್ಟಿದ್ದು ಮತ್ತೊಬ್ಬರ ಕಟ್ಟನ್ನು ಕೆಡಿಸದಿರಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ನೀತಿ ಬೇಕು. ಅಯನ್ ಜಾಕ್ಸನ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಎಂಬವರ ಬರಹವಾಗಿ ೧೯೯೬ರಿಂದ ರೂಪುಗೊಂಡ ನೀತಿಗ್ರಂಥ ಈ ಅಗತ್ಯದಿಂದ ಹುಟ್ಟಿತು. ಅದರ ಹಿನ್ನೆಲೆಯಲ್ಲಿ ಇನ್ನೆರಡು ಪತ್ರಗಳಿವೆ. ಒಂದು, ಸಮುದಾಯ ತನ್ನ ಬಳಕೆದಾರರಿಗೆ ಕೊಟ್ಟ ವಚನವಾದ ೧೯೯೭ರ ‘ಸಾಮಾಜಿಕ ಒಪ್ಪಂದ’. ಇನ್ನೊಂದು, ತೀರ್ಮಾನಗಳನ್ನು ಯಾರು ಹೇಗೆ ಕೈಗೊಳ್ಳಬೇಕೆಂದು ಹೇಳುವ ೧೯೯೮ರ ಸಂವಿಧಾನ. ಒಪ್ಪಂದದ ಅಂಗವಾದ ಮುಕ್ತ ತಂತ್ರಾಂಶದ ಮಾರ್ಗಸೂತ್ರಗಳೇ ಅಲ್ಪಸ್ವಲ್ಪ ಬದಲಾವಣೆಯೊಡನೆ ೧೯೯೮ರಲ್ಲಿ ‘ಓಪನ್ ಸೋರ್ಸ್’ ಎಂಬ ಮಾತಿನ ಅಧಿಕೃತ ವ್ಯಾಖ್ಯೆಯಾದವು. ಒಂದು ಸಣ್ಣ ಸಂಘದ ಆಂತರಿಕ ನಿಯಮ ಲೋಕವ್ಯವಹಾರದ ಪರಿಭಾಷೆಯಾದುದಕ್ಕೆ ಇದೊಂದು ನಿದರ್ಶನ.

೩

ನೀತಿಗ್ರಂಥದ ಮೊದಲ ಗುಣವೆಂದರೆ ಅದು ಲಕ್ಷ್ಯವನ್ನು ಅನುಸರಿಸಿ ಲಕ್ಷಣವನ್ನು ಹೇಳುವುದು. ಒಂದು ವಿಧಾನ ಉತ್ತಮವೆಂದು ಯಾರಿಗೋ ತೋರಿದ ಮಾತ್ರಕ್ಕೆ ಅದನ್ನು ನಿಯಮವಾಗಿ ಬರೆಯುವುದು ಇಲ್ಲಿಯ ಪದ್ಧತಿಯಲ್ಲ. ಸಾಮಾನ್ಯವಾಗಿ ಮೊದಲು ಕೆಲವರು ತಮ್ಮ ಪ್ಯಾಕೇಜುಗಳಲ್ಲಿ ಅದನ್ನು ಬಳಸಿ ನೋಡುತ್ತಾರೆ. ಅದು ನಿಲ್ಲುವುದೆಂದು ಕಂಡಮೇಲೆ ಒಬ್ಬರು ನಿಯಮದ ವಾಕ್ಯವನ್ನು ರಚಿಸಿ ಬಹಿರಂಗವಾಗಿ ಮುಂದಿಡುತ್ತಾರೆ. ಇತರ ಸದಸ್ಯರು ಅನುಮೋದಿಸಿದ ಬಳಿಕ ಸಂಪಾದಕರು ಅದನ್ನು ಗ್ರಂಥಕ್ಕೆ ಸೇರಿಸುತ್ತಾರೆ. ಒಂದೇ ದಿನದಲ್ಲಿ ಸಾವಿರಾರು ಪ್ಯಾಕೇಜುಗಳನ್ನು ಸದೋಷವೆಂದು ಸಾರುವ ನಿಯಮವನ್ನು ಬರೆಯಲು ಅವರು ಒಪ್ಪುವುದು ಅಪರೂಪ.

ಕನ್ನಡ ವಾಚಕರಿಗೆ ಈ ಕ್ರಮ ಹೊಸದಲ್ಲ. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಕೊಡೆಂದು ಕೇಳುತ್ತಾನೆ, ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗಿ ಹಾಗೆ ಕೇಳುವುದಿಲ್ಲ ಎಂಬ ಅಭಿಪ್ರಾಯವನ್ನು ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲಿಯೇ ಹೇಳಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ತನಗೆ ಹಿಂದಿನ ಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿ ಇಟ್ಟುಕೊಂಡನು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದ ಶಾಸ್ತ್ರಗಳನ್ನು ಎಣಿಸುವಾಗ ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳನ್ನು ಹೆಸರಿಸುತ್ತದೆ. ಒಂದೇ ಮಠದಲ್ಲಿ ಹಲವು ವ್ಯಾಕರಣಗಳು ಓದಲ್ಪಡುತ್ತಿದ್ದುದು ಗಮನಾರ್ಹ. ಲಕ್ಷಣಗ್ರಂಥ ಭಾಷೆಯನ್ನು ಆಳುವ ಒಡೆಯನಲ್ಲ, ಅದನ್ನು ನೋಡುವ ಒಂದು ಕಣ್ಣು ಎಂಬ ತಿಳಿವಳಿಕೆಯಿಲ್ಲದಿದ್ದರೆ ಅದು ಸಾಧ್ಯವಾಗದು.

ಆದರೆ ಲಕ್ಷ್ಯವನ್ನು ಅನುಸರಿಸುವ ಲಕ್ಷಣಕ್ಕೆ ಒಂದು ಸಂಕಟವೂ ಉಂಟು. ಲಕ್ಷ್ಯವೇ ಎರಡಾಗಿ ಒಡೆದಾಗ ಅದು ಏನು ಹೇಳಬೇಕು? ಕೇಶಿರಾಜನ ಕಾಲಕ್ಕೆ ೞಕಾರದ ಪ್ರಯೋಗ ಕಲಸಿಹೋಗುತ್ತಿದ್ದಿತು. ಅವನು ಆ ಅಕ್ಷರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟನು. ಅಕ್ಷರವಾದರೋ ಬಳಕೆಯಿಂದ ಜಾರಿಹೋಯಿತು. ಡೆಬಿಯನ್ನಿಗೂ ಇಂಥ ಪ್ರಸಂಗ ಒದಗಿತು. ಗಣಕದಲ್ಲಿ ತಂತ್ರಾಂಶಗಳನ್ನು ಇರಿಸುವ ‘ಬಿನ್’ ಮುಂತಾದ ಮೂಲಸ್ಥಾನದ ಕೋಶಗಳೂ ‘ಯುಎಸ್‌ಆರ್’ ಎಂಬುದರ ಒಳಗಿನ ಅದೇ ಹೆಸರಿನ ಕೋಶಗಳೂ ಬಹುಕಾಲದಿಂದ ಬೇರೆಬೇರೆಯಾಗಿದ್ದವು. ಫೆಡೋರ ಎಂಬ ಮತ್ತೊಂದು ಸಮುದಾಯ ೨೦೧೨ರಲ್ಲಿ ಅವನ್ನು ಒಂದು ಮಾಡಿತು. ಡೆಬಿಯನ್ ೨೦೧೯ರ ಆವೃತ್ತಿಯಿಂದ ಹೊಸದಾಗಿ ಅಳವಡಿಸುವ ಗಣಕಗಳಿಗೆ ಅದನ್ನೇ ಸಹಜಕ್ರಮವಾಗಿ ಮಾಡಿತಾದರೂ, ಹಳೆಯ ಗಣಕಗಳಲ್ಲಿ ಹಳೆಯ ಕ್ರಮವೇ ಉಳಿಯಿತು. ಕಡತಗಳನ್ನು ಸರಿಸಿದರೆ ಪ್ಯಾಕೇಜುಗಳನ್ನು ಅಳವಡಿಸುವ ಸಾಧನವೇ ದಾರಿ ತಪ್ಪೀತೆಂಬ ಭಯದಿಂದ ತಾಂತ್ರಿಕ ಸಮಿತಿ ಕೆಲಕಾಲ ಸರಿಸುವಿಕೆಯನ್ನು ತಡೆಹಿಡಿಯಬೇಕಾಯಿತು. ೨೦೨೩ರ ಆವೃತ್ತಿ ಒಂದಾದ ಕ್ರಮವನ್ನೇ ಕಡ್ಡಾಯ ಮಾಡಿತು. ಕಡತಗಳು ತಮ್ಮ ಹೊಸ ಸ್ಥಾನವನ್ನು ಸೇರುವ ಕೆಲಸ ೨೦೨೫ರ ಆವೃತ್ತಿಯವರೆಗೆ ಎಳೆಯಿತು. ಬಳಕೆ ಒಡೆದಿರುವಾಗ ನಿಯಮ ಮೌನವಾಗಿದ್ದುದರ ಬೆಲೆ ಇದು. ಆದರೂ ಅಪಕ್ವವಾದ ನಿಯಮವನ್ನು ಬಲವಂತವಾಗಿ ಹೇರಿದ್ದರೆ ತೆರಬೇಕಾಗುತ್ತಿದ್ದ ಬೆಲೆ ಇದಕ್ಕಿಂತ ಹೆಚ್ಚಾಗುತ್ತಿತ್ತೆಂದು ನಾವು ಭಾವಿಸುತ್ತೇವೆ. ಏಕೆಂದರೆ ಸಂಬಳವಿಲ್ಲದ ಕೆಲಸಗಾರ ಒಪ್ಪದ ನಿಯಮವನ್ನು ವಿರೋಧಿಸುವುದಕ್ಕೂ ಹೋಗುವುದಿಲ್ಲ, ಸುಮ್ಮನೆ ಕೆಲಸ ಬಿಟ್ಟುಹೋಗುತ್ತಾನೆ.

೪

ಎರಡನೆಯ ಗುಣ ವಿಧಿವಾಕ್ಯಗಳ ತಾರತಮ್ಯ. ನೀತಿಗ್ರಂಥ ತನ್ನ ಮೊದಲ ಅಧ್ಯಾಯದಲ್ಲಿಯೇ ತಾನು ಬಳಸುವ ಕ್ರಿಯಾಪದಗಳ ತೂಕವನ್ನು ಗೊತ್ತುಮಾಡಿದೆ. ಮೊದಲನೆಯ ದರ್ಜೆಯ ವಿಧಿಯನ್ನು ಮೀರಿದ ಪ್ಯಾಕೇಜು ಗಂಭೀರ ದೋಷವುಳ್ಳದ್ದು. ಆ ದೋಷ ತೀರುವ ತನಕ ಅದು ಬಿಡುಗಡೆಗೆ ಅರ್ಹವಲ್ಲ. ಎರಡನೆಯ ದರ್ಜೆಯದನ್ನು ಮೀರಿದರೆ ಅದು ದೋಷವೇ, ಆದರೆ ಬಿಡುಗಡೆಯನ್ನು ತಡೆಯತಕ್ಕ ದೋಷವಲ್ಲ. ಮೂರನೆಯದು ಕೇವಲ ಐಚ್ಛಿಕ. ಇವುಗಳ ಜೊತೆಗೆ, ಮಾಡಿದರೆ ಮೆಚ್ಚತಕ್ಕದ್ದು ಎಂಬ ಪ್ರೋತ್ಸಾಹದ ದರ್ಜೆಯೊಂದಿದೆ. ನಿಯಮವನ್ನು ಓದಿದವನಿಗೆ ತಪ್ಪು ಮಾಡಿದರೆ ಏನಾಗುತ್ತದೆಂಬುದು ಆ ವಾಕ್ಯದ ಕ್ರಿಯಾಪದದಿಂದಲೇ ತಿಳಿದುಬಿಡುತ್ತದೆ.

ಇದನ್ನು ಕನ್ನಡಕ್ಕೆ ತರುವುದಾದರೆ ಏನು ಮಾಡಬೇಕೆಂದು ನಾವು ಪರೀಕ್ಷಿಸಿ ನೋಡಿದೆವು. ಆ ಪರೀಕ್ಷೆ ಎರಡು ಭಾಷೆಗಳ ಮೇಲೆಯೂ ಬೆಳಕು ಬೀರುತ್ತದೆ. ನಮ್ಮ ‘ಬೇಕು’ ಎಂಬ ಪದ ಮೂರು ಕೆಲಸಗಳನ್ನು ಮಾಡುತ್ತದೆ. ‘ನನಗೆ ನೀರು ಬೇಕು’ ಎಂಬಲ್ಲಿ ಅದು ಇಚ್ಛೆ. ‘ನೀನು ಹೋಗಬೇಕು’ ಎಂಬಲ್ಲಿ ವಿಧಿ. ‘ಅವನು ಮನೆಯಲ್ಲಿರಬೇಕು’ ಎಂಬಲ್ಲಿ ಊಹೆ. ಇಂಥ ಬಹ್ವರ್ಥದ ಪದವನ್ನು ಅತ್ಯಂತ ಕಟ್ಟುನಿಟ್ಟಿನ ವಿಧಿಗೆ ಬಳಸಿದರೆ ನಿಯಮ ಸಡಿಲವಾಗುತ್ತದೆ. ಇನ್ನು ನಮ್ಮ ಸರ್ಕಾರಿ ಆದೇಶಗಳೂ ಸಂಘಗಳ ಉಪವಿಧಿಗಳೂ ಹೆಚ್ಚಾಗಿ ನೆಚ್ಚಿರುವುದು ‘ತಕ್ಕದ್ದು’ ಎಂಬ ಒಂದೇ ರೂಪವನ್ನು. ವಾರ್ಷಿಕ ಸಭೆ ಕರೆಯತಕ್ಕದ್ದು, ಲೆಕ್ಕ ಇಡತಕ್ಕದ್ದು, ಫಲಕವನ್ನು ನೀಲಿ ಬಣ್ಣದಲ್ಲಿ ಬರೆಸತಕ್ಕದ್ದು ಎಂದು ಎಲ್ಲವೂ ಒಂದೇ ತೂಕದಲ್ಲಿ ನಿಂತಾಗ, ಯಾವುದನ್ನು ಮೀರಿದರೆ ಸಂಘ ಮುರಿಯುತ್ತದೆ, ಯಾವುದನ್ನು ಮೀರಿದರೆ ಬಣ್ಣ ಮಾತ್ರ ಬದಲಾಗುತ್ತದೆ ಎಂಬ ವಿವೇಕಕ್ಕೆ ಓದುಗನಿಗೆ ಆಧಾರವೇ ಉಳಿಯುವುದಿಲ್ಲ. ಎಲ್ಲವೂ ಕಡ್ಡಾಯವಾದ ಕಡೆ ಕ್ರಮೇಣ ಯಾವುದೂ ಕಡ್ಡಾಯವಲ್ಲವೆಂಬ ಭಾವನೆ ಬೆಳೆಯುತ್ತದೆ.

ಆದುದರಿಂದ ನಮ್ಮ ಸೂಚನೆ ಇದು. ಬಿಡುಗಡೆಯನ್ನು ತಡೆಯುವ ವಿಧಿಗೆ ‘ತಕ್ಕದ್ದು’, ಅಂಥದೇ ನಿಷೇಧಕ್ಕೆ ‘ಕೂಡದು’, ಎರಡನೆಯ ದರ್ಜೆಗೆ ‘ಬೇಕು’ ಮತ್ತು ‘ಬಾರದು’, ಐಚ್ಛಿಕಕ್ಕೆ ‘ಬಹುದು’, ಪ್ರೋತ್ಸಾಹಕ್ಕೆ ‘ಒಳ್ಳೆಯದು’. ಈ ಪದಗಳೆಲ್ಲ ಭಾಷೆಯಲ್ಲಿ ಮೊದಲೇ ಇವೆ. ಅವುಗಳ ತೂಕವನ್ನು ಗ್ರಂಥಾರಂಭದಲ್ಲಿ ಗೊತ್ತುಪಡಿಸಿ ಕಡೆಯ ತನಕ ಬದಲಿಸದಿದ್ದರೆ ಸಾಕು. ಗಣಕದ ವಿಷಯದಲ್ಲಿ ಮಾತ್ರವಲ್ಲ, ಕಾಲೇಜಿನ ಸಂಘಗಳ ನಿಯಮಾವಳಿಗಳಿಗೂ ಇದು ಅನ್ವಯಿಸೀತು.

೫

ಮೂರನೆಯ ಗುಣ ನಾಮಕರಣದ ವಿವೇಕ. ಈ ಗ್ರಂಥದ ಪ್ರಕಾರ ಪ್ಯಾಕೇಜಿನ ಹೆಸರಿನಲ್ಲಿ ರೋಮನ್ ಲಿಪಿಯ ಸಣ್ಣಕ್ಷರ, ಅಂಕಿ, ಕೂಡುಗುರುತು, ಅಡ್ಡಗೆರೆ, ಚುಕ್ಕಿ ಇಷ್ಟಕ್ಕೆ ಮಾತ್ರ ಎಡೆಯುಂಟು. ಕನ್ನಡದ ಪ್ಯಾಕೇಜಿಗೂ ಕನ್ನಡ ಲಿಪಿಯಲ್ಲಿ ಹೆಸರಿಡಲಾಗದು. ಇದು ಅನ್ಯಾಯವೆಂದು ತೋರಬಹುದು. ಆದರೆ ಹೆಸರು ಇಲ್ಲಿ ಯಂತ್ರ ಗುರುತಿಸುವ ಸಂಕೇತ. ಮನುಷ್ಯ ಓದುವ ವಿವರಣೆಯನ್ನು ಯಾವ ಭಾಷೆಗೆ ಬೇಕಾದರೂ ಅನುವಾದಿಸಲು ಡೆಬಿಯನ್ನಿನಲ್ಲಿಯೇ ಪ್ರತ್ಯೇಕ ಏರ್ಪಾಡಿದೆ. ಲಿಪಿ ಅನ್ಯವಾದರೂ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳ ಹೆಸರು ಆ ಭಂಡಾರದಲ್ಲಿ ಕನ್ನಡ ಪದಗಳಾಗಿಯೇ ಉಳಿದಿವೆ.

ಇದಕ್ಕಿಂತ ಸ್ವಾರಸ್ಯವಾದುದು ಕನ್ನಡ ಫಾಂಟುಗಳ ಕೂಟಕ್ಕೆ ಇಟ್ಟ ಹೆಸರಿನ ಚರಿತ್ರೆ. ಮೊದಲು ಅದು ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂದಿತ್ತು. ‘ಟಿಟಿಎಫ್’ ಎಂಬುದು ಕಡತದ ಒಂದು ಮಾದರಿಯ ಹೆಸರು. ಮಾದರಿ ಬದಲಾದರೆ ಹೆಸರು ಸುಳ್ಳಾಗುತ್ತದೆ. ೨೦೧೦ರ ದಶಕದ ಆರಂಭದಲ್ಲಿ ಫಾಂಟುಗಳ ನಾಮಪದ್ಧತಿಯನ್ನು ತಿದ್ದಿದಾಗ ಅದು ‘ಫಾಂಟ್ಸ್-ಕೆಎನ್‌ಡಿಎ’ ಆಯಿತು. ಕೊನೆಯ ನಾಲ್ಕು ಅಕ್ಷರಗಳು ಲಿಪಿಗಳಿಗೆ ಅಂತರರಾಷ್ಟ್ರೀಯ ಮಾನಕ ಕೊಟ್ಟಿರುವ ಸಂಕೇತ. ಅವು ಕನ್ನಡ ಭಾಷೆಯನ್ನಲ್ಲ, ಕನ್ನಡ ಲಿಪಿಯನ್ನು ಸೂಚಿಸುತ್ತವೆ. ಈ ಸಣ್ಣ ಬದಲಾವಣೆಯಲ್ಲಿ ಒಂದು ಸತ್ಯ ಅಡಗಿದೆ. ಫಾಂಟು ಲಿಪಿಗೆ ಸೇರಿದ್ದು. ಅದೇ ಲಿಪಿಯಲ್ಲಿ ಬರೆಯುವ ತುಳುವರಿಗೆ, ಕೊಡವರಿಗೆ, ಕರ್ನಾಟಕದ ಕೊಂಕಣಿಗರಿಗೆ ಅದರಲ್ಲಿ ಸಮಾನ ಪಾಲುಂಟು. ಹೆಸರು ಅದನ್ನು ಒಪ್ಪಿಕೊಂಡಿತು.

ಶಾಸನಗಳನ್ನು ಓದುವವರಿಗೆ ಇಂಥ ವಿವೇಕದ ಬೆಲೆ ಚೆನ್ನಾಗಿ ಗೊತ್ತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವನ್ನು ೧೯೦೨ರಲ್ಲಿಯೂ ಎಂಟನೆಯದನ್ನು ೧೯೦೪ರಲ್ಲಿಯೂ ಹೊರತಂದಾಗ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪವನ್ನೂ ಒಂದು ಕ್ರಮಾಂಕವನ್ನೂ ಕೊಟ್ಟರು. ಅಂದಿನಿಂದ ಇಂದಿನವರೆಗೆ ಶಿಕಾರಿಪುರದ ಇಂತಿಷ್ಟನೆಯದು, ಸೊರಬದ ಇಂತಿಷ್ಟನೆಯದು ಎಂದರೆ ವಿದ್ವಾಂಸರಿಗೆ ಬೇರೆ ವಿವರಣೆ ಬೇಕಾಗಿಲ್ಲ. ೧೯೯೭ರಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು; ಅಂದಿನ ನಗರ ತಾಲ್ಲೂಕು ಇಂದು ಹೊಸನಗರವಾಗಿದೆ; ೨೦೧೪ರಲ್ಲಿ ಜಿಲ್ಲೆಯ ಇಂಗ್ಲಿಷ್ ಹೆಸರೂ ಶಿವಮೊಗ್ಗ ಎಂದೇ ಆಯಿತು. ಆದರೂ ಉಲ್ಲೇಖಗಳು ಕೆಡಲಿಲ್ಲ. ಗುರುತು ಒಮ್ಮೆ ಬಳಕೆಗೆ ಬಂದಮೇಲೆ ಅದು ಲೋಕದ ಸ್ವತ್ತು. ಅದನ್ನು ಬದಲಿಸುವುದಾದರೆ ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸಬೇಕು. ಡೆಬಿಯನ್ನಿನಲ್ಲಿ ಹೆಸರು ಬದಲಾದಾಗ ಹಳೆಯ ಹೆಸರಿನಲ್ಲಿ ಒಂದು ಬರಿಯ ಪ್ಯಾಕೇಜನ್ನು ಕೆಲಕಾಲ ಉಳಿಸಿ, ಅದು ತಾನಾಗಿ ಹೊಸದನ್ನು ಕರೆತರುವಂತೆ ಮಾಡುವ ಪದ್ಧತಿ ಇದಕ್ಕಾಗಿಯೇ ಇದೆ.

ಇದಕ್ಕೆ ವಿರುದ್ಧವಾದ ತುದಿಯ ಉದಾಹರಣೆಯೂ ಕನ್ನಡದ್ದೇ. ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನಲ್ಲಿ ನಮ್ಮ ೞಕಾರಕ್ಕೆ ಪ್ರಮಾದದಿಂದ ‘ಫ’ ಎಂಬ ಉಚ್ಚಾರದ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಅಲ್ಲಿಯ ನೀತಿ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಯಂತ್ರಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹೆಸರನ್ನು ಇಡುವ ಮುನ್ನ ಭಾಷೆ ಬಲ್ಲವರನ್ನು ಕೇಳದಿದ್ದರೆ ತಪ್ಪು ಶಾಶ್ವತವಾಗುತ್ತದೆ ಎಂಬ ಪಾಠ ಇದರಲ್ಲಿದೆ.

೬

ನಾಲ್ಕನೆಯದಾಗಿ, ಭಂಡಾರದ ಒಳಗೆ ಯಾವುದು, ಹೊರಗೆ ಯಾವುದು ಎಂಬ ಗೆರೆ. ಯಾರು ಬೇಕಾದರೂ, ಯಾವ ಉದ್ದೇಶಕ್ಕೆ ಬೇಕಾದರೂ ಬಳಸಿ, ತಿದ್ದಿ, ಹಂಚಲು ಪರವಾನಗಿಯುಳ್ಳದ್ದಕ್ಕೆ ಮಾತ್ರ ‘ಮುಖ್ಯ’ ವಿಭಾಗದಲ್ಲಿ ಸ್ಥಾನ. ಮುಖ್ಯದಲ್ಲಿರುವುದು ತನ್ನ ನಡೆಗೆ ಮುಖ್ಯದ ಹೊರಗಿನದನ್ನು ಅವಲಂಬಿಸಕೂಡದು. ‘ಶೈಕ್ಷಣಿಕ ಬಳಕೆಗೆ ಮಾತ್ರ’, ‘ವಾಣಿಜ್ಯಕ್ಕಲ್ಲ’ ಎಂದು ಸದುದ್ದೇಶದಿಂದ ಬರೆದ ಷರತ್ತು ಕೂಡ ಫಾಂಟನ್ನಾಗಲಿ ನಿಘಂಟನ್ನಾಗಲಿ ಮುಖ್ಯದಿಂದ ಹೊರಗಿಡುತ್ತದೆ. ಕನ್ನಡದ ಅಂಕೀಕೃತ ಸಾಮಗ್ರಿಯನ್ನು ಸಿದ್ಧಪಡಿಸುವ ನಮ್ಮ ಸಂಸ್ಥೆಗಳು ಇದನ್ನು ಗಮನಿಸಬೇಕು. ಉಚಿತವಾಗಿ ಕೊಡುವುದು ಬೇರೆ, ಮುಕ್ತವಾಗಿ ಬಿಡುವುದು ಬೇರೆ. ಉಚಿತವಾದುದನ್ನು ಪಡೆದವನು ಅನುಭವಿಸಬಲ್ಲನು. ಮುಕ್ತವಾದುದನ್ನು ಪಡೆದವನು ಅದು ಕೆಟ್ಟಾಗ ತಾನೇ ತಿದ್ದಬಲ್ಲನು.

ಈ ಗೆರೆಯೂ ಅಚಲವಲ್ಲ. ಯಂತ್ರದ ಬಿಡಿಭಾಗಗಳು ಕೆಲಸ ಮಾಡಲು ಬೇಕಾಗುವ, ಆದರೆ ಮುಕ್ತವಲ್ಲದ ಸೂಕ್ಷ್ಮ ತಂತ್ರಾಂಶಗಳನ್ನು ಅಳವಡಿಕೆಯ ಮಾಧ್ಯಮದಲ್ಲಿಯೇ ಸೇರಿಸಬೇಕೆ ಎಂಬ ಪ್ರಶ್ನೆಯನ್ನು ಸದಸ್ಯರು ೨೦೨೨ರಲ್ಲಿ ಮತಕ್ಕೆ ಹಾಕಿದರು. ಸೇರಿಸಲು ಅನುಮತಿ ದೊರೆಯಿತು. ೨೦೨೩ರ ಆವೃತ್ತಿಯಲ್ಲಿ ಅವಕ್ಕೆ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ತತ್ತ್ವ ಸಡಿಲವಾಯಿತೆಂದು ಕೆಲವರಿಗೆ ತೋರೀತು. ಗೆರೆಯನ್ನು ಅಳಿಸದೆ, ಅಪವಾದಕ್ಕೆ ಬೇರೆಯ ಕೋಣೆಯನ್ನು ಕಟ್ಟಿ, ಅದರ ಬಾಗಿಲಿಗೆ ಹೆಸರು ಬರೆದರೆಂಬುದನ್ನು ಗಮನಿಸಿದರೆ ಇದು ಉತ್ಸರ್ಗ-ಅಪವಾದಗಳ ಶಾಸ್ತ್ರೀಯ ಕ್ರಮವೇ ಎಂದು ನಮಗನಿಸುತ್ತದೆ.

೭

ಈಗ ಕೊರತೆಯ ವಿಚಾರ. ಪ್ರತಿಯೊಂದು ಪ್ಯಾಕೇಜಿಗೂ ಒಬ್ಬ ನಿರ್ವಾಹಕರ ಹೆಸರೂ ತಲಪುವ ವಿಳಾಸವೂ ಇರತಕ್ಕದ್ದು ಎಂದು ನೀತಿಗ್ರಂಥ ವಿಧಿಸುತ್ತದೆ. ಒಬ್ಬರಿಗಿಂತ ಹೆಚ್ಚು ಮಂದಿಯ ಹೆಸರನ್ನು ನಮೂದಿಸಲೂ, ಒಂದು ತಂಡವೇ ನಿರ್ವಾಹಕನ ಸ್ಥಾನದಲ್ಲಿರಲೂ ಅವಕಾಶವಿದೆ. ಕೈಬಿಟ್ಟ ಪ್ಯಾಕೇಜನ್ನು ‘ಅನಾಥ’ವೆಂದು ಸಾರಿ ಗುಣಪಾಲನೆಯ ತಂಡಕ್ಕೆ ಒಪ್ಪಿಸುವ ಕ್ರಮವೂ ಉಂಟು. ಆದರೆ ನಿರ್ವಾಹಕ ಕೆಲಸವನ್ನು ಮಾಡಿಯೇ ತೀರಬೇಕೆಂದು ಯಾರೂ ಹೇಳುವಂತಿಲ್ಲ. ಯಾರ ಮೇಲೂ ಕೆಲಸದ ಹೊಣೆಯನ್ನು ಹೊರಿಸಲಾಗದೆಂದು ೧೯೯೮ರ ಸಂವಿಧಾನವೇ ಸ್ಪಷ್ಟಪಡಿಸಿದೆ. ನಿಯಮಕ್ಕೆ ವಿರುದ್ಧವಾಗಿ ಕೆಲಸ ಮಾಡಬಾರದು ಎಂಬುದಷ್ಟೇ ಅದರ ಕಟ್ಟು. ಸ್ವಯಂಸೇವಕರ ಸಮುದಾಯದಲ್ಲಿ ಇದು ಅನಿವಾರ್ಯ. ಆದರೆ ಇದರ ಫಲ ಎಲ್ಲ ಭಾಷೆಗಳಿಗೂ ಸಮವಾಗಿ ತಟ್ಟುವುದಿಲ್ಲ. ಇಂಗ್ಲಿಷಿನ ಒಂದು ಪ್ಯಾಕೇಜು ಅನಾಥವಾದರೆ ಕೈನೀಡಲು ನೂರು ಜನರಿದ್ದಾರು. ಕನ್ನಡದ್ದು ಅನಾಥವಾದರೆ ಅದು ಅನಾಥವಾಗಿದೆಯೆಂಬ ಸುದ್ದಿ ಸೊರಬಕ್ಕೆ ತಲಪುವುದೇ ಇಲ್ಲ. ಗಂಭೀರ ದೋಷ ತೀರದ ಪ್ಯಾಕೇಜು ಬಿಡುಗಡೆಗೆ ಮುನ್ನ ಹೊರಬೀಳುತ್ತದೆ; ನಿಯಮ ಇಲ್ಲಿ ಪಕ್ಷಪಾತ ಮಾಡಲಿಲ್ಲ, ಆದರೂ ನಷ್ಟವಾದದ್ದು ಬಡವನಿಗೆ.

ಇದು ಬರಿಯ ಊಹೆಯಲ್ಲ. ೨೦೧೧ರ ಫೆಬ್ರವರಿಯಲ್ಲಿ ಡೆಬಿಯನ್ನಿನ ಆರನೆಯ ಆವೃತ್ತಿ ಹೊರಬಂದಾಗ ಅದರ ಚಿತ್ರಾತ್ಮಕ ಅಳವಡಿಕಾ ತಂತ್ರಾಂಶಕ್ಕೆ ಕನ್ನಡ ಸೇರಿತು. ಲಾವೊ, ಸಿಂಹಳ, ತೆಲುಗು ಭಾಷೆಗಳೂ ಅದರ ಜೊತೆಗೆ ಬಂದವು. ಅದೇ ಆವೃತ್ತಿಯಲ್ಲಿ ವೆಲ್ಷ್ ಮತ್ತು ವೊಲೊಫ್ ಭಾಷೆಗಳನ್ನು ಕೈಬಿಡಲಾಯಿತು. ಕಾರಣ ಒಂದೇ: ಅನುವಾದವನ್ನು ಕಾಲಕಾಲಕ್ಕೆ ಪರಿಷ್ಕರಿಸುವವರು ಇರಲಿಲ್ಲ. ವೆಲ್ಷ್ ಮುಂದೆ ೨೦೧೩ರ ಆವೃತ್ತಿಯಲ್ಲಿ ಮರಳಿ ಬಂದಿತು. ಮತ್ತೆ ಕೆಲಸಕ್ಕೆ ಕೈಹಚ್ಚಿದವರು ಇದ್ದರೆಂದೇ ಅದರ ಅರ್ಥ. ನಾವು ಒಳಗೆ ಬಂದ ಬಾಗಿಲಿನಲ್ಲಿಯೇ ಇತರರು ಹೊರಗೆ ಹೋದರು; ನಾವು ಅಲ್ಲಿರುವುದು ಹಕ್ಕಿನಿಂದಲ್ಲ, ಯಾರೋ ಕೆಲವರ ಎಡೆಬಿಡದ ದುಡಿಮೆಯಿಂದ. ಭಾಷೆಯ ಪ್ರಾಚೀನತೆಯನ್ನಾಗಲಿ ಆಡುವವರ ಸಂಖ್ಯೆಯನ್ನಾಗಲಿ ಆ ಬಾಗಿಲು ಕೇಳುವುದಿಲ್ಲ.

ಕಟ್ಟುವುದಕ್ಕೂ ಕಾಯುವುದಕ್ಕೂ ಇರುವ ಈ ಅಂತರವನ್ನು ನಮ್ಮ ಸೀಮೆಯ ಹಿರಿಯರು ಬಲ್ಲವರಾಗಿದ್ದರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ಮಯೂರಶರ್ಮನ ಕಥೆಗಾಗಿ ನಾವೆಲ್ಲ ಓದುತ್ತೇವೆ. ಕುಬ್ಜಕವಿ ರಚಿಸಿದ ಆ ಶಾಸನದ ನಿಜವಾದ ಪ್ರಸಂಗ ಕಾಕುಸ್ಥವರ್ಮನು ಅಲ್ಲಿ ಒಂದು ಕೆರೆಯನ್ನು ಕಟ್ಟಿಸಿದ್ದು. ಕೆರೆ ಕಟ್ಟಿಸಿದವನ ಕೀರ್ತಿ ಹೀಗೆ ಕಲ್ಲಿನಲ್ಲಿ ಉಳಿಯುತ್ತದೆ. ಆದರೆ ಏರಿ ಬಿರಿಯುತ್ತದೆ, ತೂಬು ಸೋರುತ್ತದೆ, ಹೂಳು ವರ್ಷವರ್ಷವೂ ತುಂಬುತ್ತದೆ. ಅದಕ್ಕಾಗಿಯೇ ಕನ್ನಡ ನಾಡಿನ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕೆರೆಗೊಡಗೆ’, ‘ಕಟ್ಟುಗೊಡಗೆ’ ಎಂಬ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ನೀರನ್ನು ಉಂಡ ನೆಲದ ಒಂದು ಪಾಲು ಕೆರೆಯ ಪಾಲನೆಗೆ ಮೀಸಲು ಎಂಬುದು ‘ಬಿತ್ತುವಟ್ಟ’ದ ಹೃದಯ. ಕೆರೆಗಳೇ ಬೇಸಾಯಕ್ಕೆ ಆಧಾರವಾದ ಸೊರಬ ಸೀಮೆಯಲ್ಲಿ, ಏರಿಯನ್ನು ಮರೆತ ಊರಿಗೆ ಮುಂದಿನ ಮಳೆಗಾಲದಲ್ಲಿ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಡೆಬಿಯನ್ ನೀತಿಗ್ರಂಥದಲ್ಲಿ ಏರಿಯ ಅಗಲಕ್ಕೆ ನಿಯಮವಿದೆ, ತೂಬಿನ ಅಳತೆಗೆ ನಿಯಮವಿದೆ, ಬಿತ್ತುವಟ್ಟವಿಲ್ಲ. ನೀರುಂಡವರು ಏನು ಕೊಡಬೇಕೆಂಬ ಮಾತು ಅದರಲ್ಲಿಲ್ಲ. ಅದು ಕಟ್ಟುವವರನ್ನು ಕುರಿತು ಮಾತ್ರ ಮಾತಾಡುತ್ತದೆ. ಉಣ್ಣುವವರನ್ನು ಕುರಿತು ಮೌನವಾಗಿದೆ. ಇದನ್ನೇ ನಾವು ಮೊದಲಲ್ಲಿ ಅರ್ಧ ಮಾತು ಎಂದದ್ದು.

೮

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಶೀಲಿಸಬೇಕು. ಇಂಥ ನೀತಿಗಳ ಕಾಲವೇ ಮುಗಿಯಿತು, ಈಗ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದುದನ್ನೆಲ್ಲ ತನ್ನೊಳಗೇ ತುಂಬಿಕೊಂಡು ಸ್ವಯಂಪೂರ್ಣವಾಗಿ ಬರಬಲ್ಲದು, ಸಮುದಾಯದ ಒಪ್ಪಿಗೆಗಾಗಿ ಕಾಯಬೇಕಿಲ್ಲ ಎಂದು ಕೆಲವರು ಹೇಳುತ್ತಾರೆ. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮುಂತಾದ ಕ್ರಮಗಳು ಈ ವಾದಕ್ಕೆ ಬಲ ಕೊಟ್ಟಿವೆ. ಒಬ್ಬ ಬಳಕೆದಾರನಿಗೆ ಒಂದು ತಂತ್ರಾಂಶ ಬೇಗ ದೊರೆಯುವುದೆಂಬುದು ನಿಜ. ಆದರೆ ಕನ್ನಡದ ದೃಷ್ಟಿಯಿಂದ ಈ ವಾದ ಪೂರ್ಣವಾಗಿ ನಿಲ್ಲದು. ಒತ್ತಕ್ಷರ ಎಲ್ಲಿ ಕೂಡಬೇಕು, ಅರ್ಕಾವೊತ್ತು ಯಾವ ಅಕ್ಷರದ ಮುಂದೆ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಹಾರ್ಫ್‌ಬಜ್‌ನಂಥ ಒಂದು ಸಮಾನ ತಂತ್ರಾಂಶ. ಅದರಲ್ಲಿ ಒಂದು ದೋಷವನ್ನು ಒಮ್ಮೆ ತಿದ್ದಿದರೆ ಅದನ್ನು ಹಂಚಿಕೊಂಡ ಎಲ್ಲ ತಂತ್ರಾಂಶಗಳಲ್ಲಿಯೂ ಕನ್ನಡ ಸರಿಹೋಗುತ್ತದೆ. ಪ್ರತಿಯೊಂದೂ ತನ್ನದೇ ಪ್ರತಿಯನ್ನು ಒಳಗಿಟ್ಟುಕೊಂಡರೆ ಅದೇ ದೋಷವನ್ನು ನೂರು ಕಡೆ ತಿದ್ದಿಸಬೇಕಾಗುತ್ತದೆ. ಅಷ್ಟು ಜನ ನಮ್ಮಲ್ಲಿಲ್ಲ. ಇತರರ ತಂತ್ರಾಂಶದ ಪ್ರತಿಯನ್ನು ಒಳಗೆ ಅಡಗಿಸಿಕೊಳ್ಳಬಾರದೆಂಬ ನೀತಿಗ್ರಂಥದ ಎರಡನೆಯ ದರ್ಜೆಯ ನಿಷೇಧ ಚಿಕ್ಕ ಭಾಷೆಗಳಿಗೆ ದೊಡ್ಡ ರಕ್ಷೆಯಾಗಿದೆ. ಜನಬಲ ಕಡಮೆಯಿದ್ದಷ್ಟೂ ಸಮಾನ ನೀತಿಯ ಅಗತ್ಯ ಹೆಚ್ಚು.

ಹಾಗಾದರೆ ಉಳಿದರ್ಧವನ್ನು ತುಂಬುವವರು ಯಾರು? ಇದಕ್ಕೆ ನೀತಿಗ್ರಂಥದಲ್ಲಿ ಉತ್ತರ ಹುಡುಕುವುದು ವ್ಯರ್ಥ. ಅದನ್ನು ನಮ್ಮ ವಿದ್ಯಾಸಂಸ್ಥೆಗಳಲ್ಲಿ ಹುಡುಕಬೇಕು. ಕಾಲೇಜಿನ ಒಂದು ಕನ್ನಡ ವಿಭಾಗ ಒಂದು ಫಾಂಟನ್ನೋ ಒಂದು ಅನುವಾದವನ್ನೋ ತನ್ನ ಪಾಲಿನದೆಂದು ಆರಿಸಿಕೊಳ್ಳಬಹುದು. ಪ್ರತಿ ಆವೃತ್ತಿಗೂ ಮುನ್ನ ಅದನ್ನು ಪರೀಕ್ಷಿಸುವುದು, ಒತ್ತಕ್ಷರಗಳ ಪಟ್ಟಿಯೊಂದನ್ನು ಹಿಡಿದು ಅವು ಸರಿಯಾಗಿ ಮೂಡುತ್ತವೆಯೇ ಎಂದು ನೋಡುವುದು, ಕಂಡ ದೋಷವನ್ನು ನಿರ್ವಾಹಕರಿಗೆ ಸ್ಪಷ್ಟವಾದ ಮಾತುಗಳಲ್ಲಿ ಬರೆದು ತಿಳಿಸುವುದು, ಬದಲಾದ ವಾಕ್ಯಗಳ ಅನುವಾದವನ್ನು ತಿದ್ದುವುದು ಇವುಗಳಲ್ಲಿ ಹೆಚ್ಚಿನವಕ್ಕೆ ಗಣಕಶಾಸ್ತ್ರದ ಪಾಂಡಿತ್ಯ ಬೇಡ. ಭಾಷಾಜ್ಞಾನವೂ ಶ್ರದ್ಧೆಯೂ ಸಾಕು. ಹಿರಿಯ ತರಗತಿಯವರು ಕಿರಿಯರಿಗೆ ಒಪ್ಪಿಸಿ ಹೋದರೆ ಪರಂಪರೆ ಕಡಿಯದು. ತಾಳೆಗರಿಗಳನ್ನು ಪ್ರತಿಮಾಡಿ ಉಳಿಸಿದವರು ಮಾಡಿದ್ದೂ ಇದನ್ನೇ. ಅವರಲ್ಲಿ ಎಲ್ಲರೂ ಕವಿಗಳಾಗಿರಲಿಲ್ಲ.

ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಭಾರತದಲ್ಲಿ ಮೊದಲ ಬಾರಿಗೆ ೨೦೨೩ರ ಸೆಪ್ಟೆಂಬರಿನಲ್ಲಿ ನೆರೆಯ ಕೊಚ್ಚಿಯಲ್ಲಿ ಸೇರಿತ್ತು. ಸಮುದಾಯ ನಮ್ಮ ಬಾಗಿಲಿನ ವರೆಗೆ ಬಂದಿದೆ. ಅದರ ನೀತಿಗ್ರಂಥವನ್ನು ಓದಿ ಮೆಚ್ಚುವುದು ಸುಲಭ, ತೆಗಳುವುದೂ ಸುಲಭ. ಅದರ ಒಂದು ಸಾಲಿಗೆ ನಮ್ಮ ಪಾಲಿನ ಲಕ್ಷ್ಯವನ್ನು ಒದಗಿಸುವುದು ಕಷ್ಟದ ಕೆಲಸ. ಲಕ್ಷಣವು ಲಕ್ಷ್ಯವನ್ನು ಅನುಸರಿಸುವುದಾದರೆ, ಕನ್ನಡದ ಲಕ್ಷ್ಯ ಅಲ್ಲಿ ಇರುವಷ್ಟು ಕಾಲ ಮಾತ್ರ ಕನ್ನಡಕ್ಕೆ ಒಪ್ಪುವ ಲಕ್ಷಣ ಅಲ್ಲಿ ಉಳಿದೀತು.